ಎಸ್ಟರ್ ಎಂದು ಬರೆದ ಚೀಟಿ

“ಎಸಿ ಹಾಕ್ಬೇಡಿ!”

ವ್ಯಾನಿನ ಚಾಲಕ ಗುಂಡಿಯ ಮೇಲಿಟ್ಟ ಕೈಯನ್ನು ತಟ್ಟನೆ ಹಿಂದೆಳೆದುಕೊಂಡ. ಹಿಂದೆ ಅಪ್ಪನ ದೇಹದ ಪಕ್ಕ ಕೂತಿದ್ದ ಮಗಳು ತನ್ನ ದನಿಗೆ ತಾನೇ ಬೆಚ್ಚಿದಳು.

“ಯಾಕೇ?” ಎಂದಳು ಅತ್ತೆ, ತಮ್ಮನ ಮುಖದ ಮೇಲೆ ಕೂತ ನೊಣ ಓಡಿಸುತ್ತ. “ಈ ಬಿಸಿಲಲ್ಲಿ ನಾವೂ ಅವನ ಜೊತೆಗೇ ಹೋಗ್ಬೇಕಾ?”

“ಊರ ಕಾರೆಲ್ಲಾ ತಣ್ಣಗೆ ಮಾಡ್ದೋನು ಕೊನೇ ಸವಾರೀಲಿ ಬೆವರ್ತಾನಲ್ಲಪ್ಪಾ,” ಎಂದ ಟೈರ್ ಅಂಗಡಿಯವನು. ಮೂವತ್ತು ವರ್ಷ ಅಪ್ಪನ ಪಕ್ಕದ ಅಂಗಡಿಯಲ್ಲಿದ್ದವನು. ಕಣ್ಣಲ್ಲಿ ನೀರಿದ್ದರೂ ಬಾಯಿ ಸುಮ್ಮನಿರುವುದಲ್ಲ.

ಈ ವ್ಯಾನಿನ ಎಸಿ ಕಂಪ್ರೆಸರಿನೊಳಗೆ ಏನಿದೆಯೆಂದು ಗೊತ್ತಿದ್ದದ್ದು ಮಗಳೊಬ್ಬಳಿಗೇ.

*

ಎರಡು ತಿಂಗಳ ಹಿಂದೆ ಇದೇ ವ್ಯಾನು ಅವರ ಕಾರ್ ಎಸಿ ರಿಪೇರಿ ಅಂಗಡಿಗೆ ಬಂದಿತ್ತು. ಅದರ ಕಾಲದ ಗ್ಯಾಸ್ ಈಗ ಸಿಗುವುದಿಲ್ಲ, ಹೊಸದಕ್ಕೆ ಬದಲಿಸಬೇಕು. ಗ್ಯಾಸ್ ಬದಲಿಸುವುದು ದೊಡ್ಡ ಮಾತಲ್ಲ, ತಲೆನೋವೆಲ್ಲ ಕಂಪ್ರೆಸರ್ ಸವೆದು ಕಚ್ಚಿಕೊಳ್ಳದಂತೆ ಒಳಗೆ ಹಾಕುವ ಎಣ್ಣೆಯದು. ಹಳೇ ಮಿನರಲ್ ಎಣ್ಣೆ ಹೊಸ ಗ್ಯಾಸಿನೊಂದಿಗೆ ಬೆರೆಯುವುದಿಲ್ಲ. ಅದನ್ನು ಬಸಿದು ಎಸ್ಟರ್ ಎಣ್ಣೆ ಹಾಕಿದರೆ, ಒಳಗುಳಿದ ಜಿಡ್ಡಿನೊಂದಿಗೂ ಅದು ಹೇಗೋ ಹೊಂದಿಕೊಳ್ಳುತ್ತದೆ. ಹೊಸ ಕಾರುಗಳ ಪ್ಯಾಗ್ ಎಣ್ಣೆಗೆ ಹಳೆಯದನ್ನು ಕಂಡರಾಗದು. “ಎಸ್ಟರ್ ಸೊಸೆ ಇದ್ದಂಗೆ, ಎಂಥಾ ಮನೇಲೂ ಬಾಳುತ್ತೆ. ಪ್ಯಾಗು ಅಳಿಯ,” ಎನ್ನುತ್ತಿದ್ದ ಅಪ್ಪ. ಹಾಗೆ ಹೇಳುತ್ತಲೇ ತಾನು ಬಿಗಿ ಮಾಡಿದ ಬೋಲ್ಟಿಗೆ ಬಿಳಿ ಬಣ್ಣದ ಚುಕ್ಕೆ ಇಡುತ್ತಿದ್ದ. ಬ್ರಷ್ ಯಾವತ್ತೂ ಕೈಗೆ ಸಿಗುತ್ತಿರಲಿಲ್ಲ, ಬೆರಳೇ ಬ್ರಷ್ಷು. ಮಗಳಿಗೆ ಚುಕ್ಕೆಯಿಡುವಷ್ಟು ಪುರುಸೊತ್ತಿರಲಿಲ್ಲ.

ಅವತ್ತು ಅಪ್ಪ ಎದೆನೋವೆಂದು ಆಸ್ಪತ್ರೆಗೆ ಹೋಗಿದ್ದ. ಎಸ್ಟರ್ ಮುಗಿದಿತ್ತು. ಚಾಲಕ ತಲೆಯ ಮೇಲೆ ಕೂತಿದ್ದ. ಮಗಳು ಹಳೆಯದನ್ನು ಬಸಿಯದೆ, ಕೈಗೆ ಸಿಕ್ಕ ಪ್ಯಾಗ್ ಎಣ್ಣೆಯನ್ನೇ ಒಂದಿಷ್ಟು ಸೇರಿಸಿ, ಬಾನೆಟ್ಟಿನೊಳಗೆ ಚೀಟಿ ಅಂಟಿಸಿದಳು: ಎಸ್ಟರ್.

ಸಂಜೆ ಅಪ್ಪ ಕೇಳಿದ, “ಹಳೇ ಎಣ್ಣೆ ಎಷ್ಟು ಬಂತು?”

“ಒಂದು ಲೋಟದಷ್ಟು.”

ಅಪ್ಪ ಮೂಲೆಯಲ್ಲಿದ್ದ ಹಳೇ ಎಣ್ಣೆಯ ಡಬ್ಬದತ್ತ ನೋಡಿದ. ಅದು ಒಣಗಿತ್ತು. “ಹ್ಞೂ,” ಎಂದು ಕೈ ತೊಳೆಯಲು ಹೋದ.

ವ್ಯಾನನ್ನು ವಾಪಸ್ ಕರೆಸಿ ಸರಿಮಾಡಬೇಕು ಎಂದುಕೊಂಡಳು. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಅಪ್ಪನೇ ಹೋಗಿಬಿಟ್ಟ.

*

“ನೀನು ಹಾಕಪ್ಪಾ,” ಎಂದಳು ಅತ್ತೆ. ಚಾಲಕ ಹಾಕಿದ.

ಮಗಳು ಕಿವಿಯೆಲ್ಲ ಬಾನೆಟ್ಟಿನತ್ತ ನೆಟ್ಟು ಕೂತಳು. ಕಿಟಕಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಕಂಪ್ರೆಸರ್ ಕಚ್ಚಿಕೊಂಡರೆ ಬೆಲ್ಟು ಸುಟ್ಟು ವ್ಯಾನು ನಡುರಸ್ತೆಯಲ್ಲಿ ನಿಲ್ಲುತ್ತದೆ. ಒಮ್ಮೆ ಮಾಡಿಕೊಟ್ಟ ಗಾಡಿ ವಾಪಸ್ ಬಂದದ್ದಿಲ್ಲ ಎಂದು ಹೆಸರಾಗಿದ್ದ ಅಪ್ಪ, ತನ್ನ ಅಂಗಡಿಯ ಕೆಲಸ ಕೆಟ್ಟು, ಬಿಸಿಲಲ್ಲಿ ಮಲಗಿರಬೇಕಾಗುತ್ತದೆ.

ಗಾಳಿ ತಣ್ಣಗೆ ಬರುತ್ತಲೇ ಇತ್ತು. ಗೊರಗೊರ ಸದ್ದಿಲ್ಲ, ಕೀರಲು ದನಿಯಿಲ್ಲ.

ಸ್ಮಶಾನದಲ್ಲಿ ಅಪ್ಪನನ್ನು ಇಳಿಸಿಕೊಂಡು ಎಲ್ಲರೂ ಮುಂದೆ ಹೋದರು. ಅವಳು ಚಾಲಕನ ಹತ್ತಿರ ಹೋದಳು.

“ಅಣ್ಣಾ, ಎಸಿ ಒಂದಿನಾನೂ ಸದ್ದು ಮಾಡ್ಲಿಲ್ವಾ?”

“ಯಾಕೆ ಮಾಡುತ್ತಮ್ಮಾ? ನೀನು ಗ್ಯಾಸ್ ಹಾಕಿಕೊಟ್ಟ ಮೇಲೆ ಬಂದ ಭಾನುವಾರಾನೇ ನಿಮ್ಮಪ್ಪ ಪಂಪು, ಸಿಲಿಂಡರ್ ಎಲ್ಲಾ ಹೇರ್ಕೊಂಡು ನಮ್ಮನೆಗೇ ಬಂದಿದ್ರಲ್ಲ. ಕಂಪ್ರೆಸರ್ ಬಿಚ್ಚಿ ಮಧ್ಯಾಹ್ನದ ತನಕ ಕೂತ್ರು. ಮೂರು ಸಲ ಎದೆ ಹಿಡ್ಕೊಂಡು ಸುಧಾರಿಸ್ಕೊಂಡ್ರು. ಏನಾಗಿದೆ ಅಂತ ಕೇಳಿದ್ರೆ, ‘ಮಗಳ ಕೆಲಸ ಸರಿಯಾಗೇ ಇದೆ, ಒಂದು ಬೋಲ್ಟು ಬಿಗಿ ಮಾಡ್ತೀನಿ’ ಅಂದ್ರು.”

ಅವಳು ವ್ಯಾನಿನ ಮುಂಭಾಗಕ್ಕೆ ನಡೆದಳು.

“ಬಾನೆಟ್ ತೆಗೀರಿ.”

“ಈಗಲಾ?”

“ತೆಗೀರಿ ಅಣ್ಣಾ.”

“ಬಾರೇ,” ಎಂದು ಅತ್ತೆ ದೂರದಿಂದ ಕೂಗಿದಳು. “ಕೊನೇ ಸಲ ಮುಖ ನೋಡ್ಬಾ!”

ಬಾನೆಟ್ಟು ಎತ್ತಿದಾಗ ಬಿಸಿ ಮುಖಕ್ಕೆ ಹೊಡೆಯಿತು. ಚೀಟಿ ಇದ್ದಲ್ಲೇ ಇತ್ತು, ಅವಳ ಅಕ್ಷರದಲ್ಲೇ: ಎಸ್ಟರ್. ಅದರ ಮೇಲೆ ಯಾರೂ ಏನೂ ತಿದ್ದಿರಲಿಲ್ಲ. ಅವಳು ಬಗ್ಗಿ ಕೆಳಗೆ ನೋಡಿದಳು. ಕಂಪ್ರೆಸರಿನ ಎಣ್ಣೆ ಬಸಿಯುವ ಬೋಲ್ಟಿನ ಮೇಲೊಂದು ಬಿಳಿ ಚುಕ್ಕೆಯಿತ್ತು. ಒಣಗಿದ ಆ ಬಣ್ಣದಲ್ಲಿ ಅಪ್ಪನ ಬೆರಳಿನ ಗೆರೆಗಳು, ಎಣಿಸಬಹುದಾದಷ್ಟು ಸ್ಪಷ್ಟವಾಗಿ, ಹಾಗೇ ಉಳಿದಿದ್ದವು.