ಮುನಿಗಂಗಮ್ಮನ ಹೂಂ

ದೇವನಹಳ್ಳಿಯಲ್ಲಿ ನಮ್ಮ ವಕೀಲರ ಕಚೇರಿಯ ಹೆಸರಿಲ್ಲದ ಗೋಡೆ ಹುಡುಕುವುದು ಕಷ್ಟ. ಶುದ್ಧ ನೀರಿನ ಘಟಕ, ಬಸ್ ತಂಗುದಾಣ, ಕೊನೆಗೆ ಸರ್ಕಾರಿ ಶಾಲೆ ಮಕ್ಕಳ ಬ್ಯಾಗಿನ ಮೇಲೂ ವೇಣುಗೋಪಾಲ್ ಸರ್ ನಗುತ್ತಿರುತ್ತಾರೆ. ಊರೂರಿಗೆ ಹೋಗಿ, ಶಾಮಿಯಾನ ಹಾಕಿಸಿ, ಉಚಿತ ಕಾನೂನು ಸಲಹೆ ಕೊಡುತ್ತಾರೆ. ಜೂನಿಯರ್ ಆಗಿ ಸೇರಿದ ಹೊಸದರಲ್ಲಿ ನನಗೂ ಅದೆಲ್ಲ ಹೆಮ್ಮೆಯೇ ಆಗಿತ್ತು. ಈಗ ಆ ನಗು ಕಂಡರೆ ಮೈ ಉರಿಯುತ್ತದೆ.

ಮುನಿಗಂಗಮ್ಮ ಸಿಕ್ಕಿದ್ದು ನಮ್ಮ ತಾಲ್ಲೂಕಿನದೇ ವಿಜಯಪುರದ ಹತ್ತಿರ ಅಂಥದೊಂದು ಶಾಮಿಯಾನದಲ್ಲೇ. ಗಂಡ ತೀರಿಕೊಂಡ ಮೇಲೆ ಮೈದುನ ಪಿಳ್ಳಪ್ಪ ಅವರ ಪಾಲನ್ನೂ ಸೇರಿಸಿ ಹೊಲವನ್ನೆಲ್ಲ ಲೇಔಟಿನವರಿಗೆ ಮಾರಲು ಮಾತಾಡಿಬಿಟ್ಟಿದ್ದ. ಆ ಹೊಲದ ಮೂಲೆಯಲ್ಲಿ ಗಂಡನ ಸಮಾಧಿ ಇತ್ತು.

"ನಂಗೂ ಪಕ್ಕದಲ್ಲೇ ಜಾಗ ಮಡಗವ್ರೆ. ಅದೊಂದು ಉಳಿಸ್ಕೊಡಿ ಸ್ವಾಮಿ," ಎಂದರು ಮುನಿಗಂಗಮ್ಮ.

"ನಾನಿಲ್ವೇನಮ್ಮಾ? ನಿಮ್ಮ ಮಗ ಅಂದ್ಕೊಳ್ಳಿ," ಎಂದು ಸರ್ ಅವರ ಕೈ ಹಿಡಿದರು. ಆ ಫೋಟೊ ನಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಬಂತು.

ಕೇಸು ಲೋಕ ಅದಾಲತ್ತಿಗೆ ಬಂದ ದಿನ ಫೈಲು ಹಿಡಿದು ಪಕ್ಕದಲ್ಲಿ ನಿಂತಿದ್ದವಳು ನಾನು. ನ್ಯಾಯಾಧೀಶರ ಮುಂದೆ ಸರ್ ರಾಜಿಯ ಷರತ್ತು ಹೇಳತೊಡಗಿದರು.

"ಹೊಲ ಲೇಔಟಿನವರಿಗೆ ಸೇರುತ್ತೆ ಅಮ್ಮಾ."

"ಹೂಂ."

"ನಿಮಗೆ ಬೇರೆ ಕಡೆ ಒಂದು ಸೈಟು."

"ಹೂಂ."

"ಸಮಾಧಿ ಇರೋ ಮೂಲೆನೂ ಹೊಲದ ಜೊತೆಗೇ ಹೋಗುತ್ತೆ."

"ಹೂಂ."

ನಮ್ಮ ಕಡೆ ಹಳ್ಳಿಯಲ್ಲಿ ಬೆಳೆದ ಯಾರನ್ನಾದರೂ ಕೇಳಿ. ಎದುರಿಗಿರುವವರು ಮಾತಾಡುವಾಗ ಹೂಂಗುಟ್ಟಬೇಕು, ಇಲ್ಲದಿದ್ದರೆ ಅದು ಅವರಿಗೆ ಮಾಡಿದ ಅವಮಾನ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ ಎಂದಷ್ಟೇ ಅದರ ಅರ್ಥ. ಕಥೆಯಲ್ಲಿ ರಾಕ್ಷಸ ಮಗುವನ್ನು ತಿಂದಾಗಲೂ ಕೇಳುವವರು ಹೂಂ ಅನ್ನುತ್ತಾರೆ, ತಿನ್ನಲಿ ಅಂತಲ್ಲ. ನ್ಯಾಯಾಧೀಶರು ಬೇರೆ ಸೀಮೆಯವರು, ಅವರಿಗೆ ಇದು ತಿಳಿಯದಿರಬಹುದು. ವೇಣುಗೋಪಾಲ್ ಸರ್ ಹುಟ್ಟಿದ್ದು ಮುನಿಗಂಗಮ್ಮನ ಹೋಬಳಿಯಲ್ಲೇ.

"ಬಂದಿದ್ದಕ್ಕೆ ಒಂದು ಹೆಬ್ಬೆಟ್ಟು ಒತ್ತಿಬಿಡಿ ಅಮ್ಮಾ," ಎಂದರು ಸರ್. ಮುನಿಗಂಗಮ್ಮ ಒತ್ತಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ನೀವ್ ಯೋಳಿದ್ದೆಲ್ಲ ಕೇಳ್ಕಂಡೆ. ಈಗ ನಾನ್ ಯೋಳ್ತೀನಿ ಸ್ವಾಮಿ," ಎಂದರು. ಅಷ್ಟರಲ್ಲಿ ಮುಂದಿನ ಕೇಸು ಕೂಗಿಯಾಗಿತ್ತು.

ಹೊರಗೆ ಬಂದ ಕೂಡಲೇ, "ಅವರು ಒಪ್ಪಿಲ್ಲ ಸರ್," ಎಂದೆ.

"ಹೂಂ ಅಂದ್ರಲ್ಲ ಚೈತ್ರ. ನೀನೂ ಕೇಳಿಸ್ಕೊಂಡ್ಯಲ್ಲ," ಎಂದರು. ಅದೇ ನಗು.

ಆ ವಾರವೇ ಜೆಸಿಬಿ ಬಂದು ಸಮಾಧಿಯನ್ನು ನೆಲಸಮ ಮಾಡಿತು. ಮುನಿಗಂಗಮ್ಮನ ಮೊಮ್ಮಗಳು ಹರ್ಷಿತ ಮಾಡಿದ ಅದರ ವಿಡಿಯೊ ತಾಲ್ಲೂಕೆಲ್ಲ ಹರಿದಾಡಿತು. ಆ ಲೇಔಟಿಗೂ ನಮ್ಮ ಕಚೇರಿಯೇ ಕಾನೂನು ಸಲಹೆಗಾರ ಎಂಬುದು ಆಗ ಹೊರಬಿತ್ತು. ನನಗೂ ಗೊತ್ತಾಗಿದ್ದು ಆಗಲೇ. ಜನ ಬಂದು ನಮ್ಮ ಬೋರ್ಡಿಗೆ ಮಸಿ ಬಳಿದರು.

ಸರ್ ಪತ್ರಿಕಾಗೋಷ್ಠಿ ಕರೆದರು. ಸಮಾಧಿ ವಿಷಯ ಬಗೆಹರಿಸುತ್ತೇನೆಂದು ನಂಬಿಸಿ, ಕಾರು ಕಳಿಸಿ, ಮುನಿಗಂಗಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ಅಮ್ಮಾ, ಅವತ್ತು ಕೋರ್ಟಲ್ಲಿ ಎಲ್ಲಾ ಬಿಡಿಸಿ ಹೇಳಿದ್ನಲ್ವಾ?"

ಮೈಕು ಅವರ ಬಾಯಿಯ ಹತ್ತಿರ ಹೋಯಿತು. ಮುನಿಗಂಗಮ್ಮ ತುಟಿ ಬಿಗಿದುಕೊಂಡು ಕೂತರು. ಸರ್ ಮತ್ತೆ ಕೇಳಿದರು, ದನಿ ಏರಿಸಿ ಕೇಳಿದರು. ಹೂಂ ಬರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ.

"ವಯಸ್ಸಾಯ್ತು ಪಾಪ, ಕಿವಿ ಕೇಳಿಸಲ್ಲ," ಎಂದರು ಸರ್. ಮಾರನೆಯ ದಿನ ಪೇಪರಿನಲ್ಲೂ ಹಾಗೇ ಬಂತು. ಕಿವಿ ಕೇಳದ ವೃದ್ಧೆಯನ್ನು ಯಾರೋ ಎತ್ತಿಕಟ್ಟಿದ್ದಾರೆ ಎಂದು ಜನ ಸುಮ್ಮನಾದರು, ಬೋರ್ಡಿಗೆ ಹೊಸ ಬಣ್ಣ ಬಂತು.

ನಾನು ಕೆಲಸ ಬಿಟ್ಟೆ. ಬಿಟ್ಟವಳು ನೇರ ಮುನಿಗಂಗಮ್ಮನ ಮನೆಗೆ ಹೋದೆ. ಜಗಲಿಯ ಮೇಲೆ ಅವರ ಎದುರಿಗೆ ಕೂತು, ರಾಜಿಯಾದ ಕೇಸಿಗೆ ಅಪೀಲು ಇಲ್ಲ, ಆದರೂ ಮೋಸವಾಗಿದೆ ಎಂದು ಹೈಕೋರ್ಟಿಗೆ ಹೋಗಬಹುದು, ನಾನೇ ಜೊತೆಗಿರುತ್ತೇನೆ ಎಂದು ಹೇಳುತ್ತಾ ಹೋದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ಹೂಂ ಕೂಡ ಇಲ್ಲದೆ ಮಾತಾಡುವುದು ಎಷ್ಟು ಕಷ್ಟವೆಂದು ನನಗೆ ಅವತ್ತು ತಿಳಿಯಿತು. ನಡುವಿನಲ್ಲೇ ನನ್ನ ಮಾತು ನಿಂತುಹೋಯಿತು.

"ಕೇಳಿಸ್ತಾ ಇದ್ಯಾ ಅಜ್ಜಿ?"

"ಕಿವಿ ನೆಟ್ಗೈತೆ ಕಣವ್ವಾ," ಎಂದರು ಮುನಿಗಂಗಮ್ಮ. "ನೀನೂ ಲಾಯರಲ್ವಾ."