ಬಾವಡಿಯ ಹೆಣ್ಣು

ಭೀಮಾ ಹೊಳೆಯ ದಂಡೆಯ ಘಾಟಪೇಟೆಯಲ್ಲಿ ನೋಡುವಂಥದ್ದು ಬಹಳೇನಿಲ್ಲ. ಹೊಳೆಗಿಳಿಯುವ ಮೆಟ್ಟಿಲು, ನಗಾರಿಯೇ ಇಲ್ಲದ ನಗಾರಖಾನೆ, ಮುಳ್ಳು ಉದುರಿಹೋದ ಗಡಿಯಾರದ ಕಮಾನು, ಅದರ ಹಿಂದೆ ಒಂದು ಪಾಳು ಬಾವಡಿ. ಟಾಂಗಾದ ಲಾಡ್ಲೆಸಾಬ ಈ ನಾಲ್ಕನ್ನೇ ಎರಡು ತಾಸು ತೋರಿಸುತ್ತಿದ್ದ. ಅಫಜಲಪುರ, ಜೇವರ್ಗಿ ಕಡೆಯಿಂದ ದರ್ಗಾಕ್ಕೋ ಮಠಕ್ಕೋ ಬಂದ ಮಂದಿ, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಅವನ ಟಾಂಗಾ ಹತ್ತುತ್ತಿದ್ದರು. ಬರೀ ಕಲ್ಲು ತೋರಿಸಿದರೆ ಯಾರು ನೋಡುತ್ತಾರೆ? ಮಂದಿಗೆ ಮಾತು ಬೇಕು. ಮಾತಿಗೆ ಲಾಡ್ಲೆಸಾಬನಲ್ಲಿ ಬರವಿರಲಿಲ್ಲ.

ಬಾವಡಿಯೆಂದರೆ ಮೆಟ್ಟಿಲಿಳಿದು ಹೋಗುವ ದೊಡ್ಡ ಬಾವಿ. ಮೊದಮೊದಲು ಅದರ ಹತ್ತಿರ ಯಾರೂ ನಿಲ್ಲುತ್ತಿರಲಿಲ್ಲ. ಬಾವಲಿಯ ನಾತಕ್ಕೆ ಮೂಗು ಮುಚ್ಚಿಕೊಂಡು ಹಿಂದಿರುಗುತ್ತಿದ್ದರು. ಅದಕ್ಕೇ ಲಾಡ್ಲೆಸಾಬ ಅದರೊಳಗೆ ಒಂದು ದೆವ್ವವನ್ನಿಟ್ಟ. ಲಗ್ನ ಒಲ್ಲೆನೆಂದು ಹಾರಿಕೊಂಡ ಹುಡುಗಿ. ಹಸಿರು ಇಳಕಲ್ ಸೀರೆ, ಎಡಹುಬ್ಬಿನ ಮೇಲೆ ಹಳೆಯ ಗಾಯದ ಗುರುತು, ಮಾತಾಡುವಾಗ ಸೆರಗಿನ ತುದಿ ಕಚ್ಚುವ ರೂಢಿ. ಮನೆಯಿಂದ ಹೊರಬೀಳುವಾಗ ಸಪ್ಪಳವಾಗದಿರಲೆಂದು ಎರಡೂ ಕಾಲ್ಗೆಜ್ಜೆಗೆ ಅರಿವೆ ಸುತ್ತಿಕೊಂಡಿದ್ದಳು, ಒಂದರದು ದಾರಿಯಲ್ಲಿ ಬಿಚ್ಚಿತ್ತು. ಹಾಗಾಗಿ ಮಟಮಟ ಮಧ್ಯಾಹ್ನ ಇಲ್ಲಿ ನಿಂತರೆ ಒಂದೇ ಗೆಜ್ಜೆಯ ದನಿ ಮೇಲೆ ಬರುತ್ತದೆ ಎಂದು ಹೇಳಿ ಅವನು ಸುಮ್ಮನಾಗುತ್ತಿದ್ದ. ಆಗ ಒಂದು ಪಾರಿವಾಳ ಪಟಪಟ ಎಂದರೂ ಸಾಕು, ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು.

ಹುಡುಗಿ ಖರೆ, ಸಾವು ಸುಳ್ಳು. ಎಪ್ಪತ್ತೊಂದರ ಶ್ರಾವಣದಲ್ಲಿ ಒಂದು ಬೆಳಗ್ಗೆ ಅಂಥದೊಂದು ಹುಡುಗಿ ಬಸ್‌ಸ್ಟ್ಯಾಂಡಿನಿಂದ ಘಾಟಿನವರೆಗೆ ಅವನ ಟಾಂಗಾದಲ್ಲಿ ಬಂದಿದ್ದಳು. ಐವತ್ತು ದಾಟಿದವನಿಗೆ ಎರಡನೇ ಹೆಂಡತಿಯಾಗಿ ಕೊಡಲು ಅಣ್ಣ ಮಾತು ಮುಗಿಸಿದ್ದನಂತೆ. "ಕಾಕಾ, ನಾ ಈ ದಾರೀಲೆ ಹೋದೆ ಅಂತ ಯಾರಿಗೂ ಹೇಳಬ್ಯಾಡ್ರಿ. ನಮ್ಮಣ್ಣ ಕಡದು ಹಾಕ್ತಾನ" ಎಂದಿದ್ದಳು. ಅವಳು ದೋಣಿಯಿಂದ ಆಚೆ ದಂಡೆಗಿಳಿದು ದಿಬ್ಬ ಹತ್ತುವವರೆಗೂ ಲಾಡ್ಲೆಸಾಬ ನಿಂತು ನೋಡಿದ್ದ. ಕೊಟ್ಟ ಮಾತಿಗೆ ತಪ್ಪಲೂ ಇಲ್ಲ. ಹೆಂಡತಿ ಕುಲಸುಮಬಿಗೂ ಬಾಯಿ ಬಿಡಲಿಲ್ಲ. ಆದರೆ ವರ್ಷಗಳಾದ ಮೇಲೆ ದೆವ್ವಕ್ಕೊಂದು ಮುಖ ಬೇಕಾದಾಗ, ಮನಸ್ಸಿನಲ್ಲಿ ಉಳಿದಿದ್ದ ಆ ಮುಖವನ್ನೇ ಕೊಟ್ಟುಬಿಟ್ಟ. ನಾಲಗೆ ಉದ್ದವಿದ್ದವರ ಹಣೆಬರಹವೇ ಇಷ್ಟು.

ಕತೆ ನಡೆಯಿತು, ಟಾಂಗಾ ನಡೆಯಿತು. ನಡೆಯದಾದದ್ದು ಅವನ ಎದೆ. ಬದುಕಿರುವ ಹುಡುಗಿಯನ್ನು ದಿನಕ್ಕೆ ಮೂರು ಸಲ ನೀರಿಗೆ ನೂಕುತ್ತಿದ್ದೇನೆ ಎಂಬುದು ಒಮ್ಮೆ ತಲೆಗೆ ಹೊಕ್ಕಿದ್ದು ಮತ್ತೆ ಹೊರಬೀಳಲಿಲ್ಲ. ಒಂದು ಮಧ್ಯಾಹ್ನ ಯಾತ್ರಿಕರಿಗೆ ಕತೆ ಹೇಳಿ ಸುಮ್ಮನಾದಾಗ ಕೆಳಗಿನಿಂದ ಗೆಜ್ಜೆಯ ದನಿ ಅವನಿಗೇ ಕೇಳಿಸಿತು. ಒಂದೇ ಗೆಜ್ಜೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ. ಬಂದವರಲ್ಲಿ ಯಾರಿಗೂ ಕೇಳಿಸಲಿಲ್ಲ. ಅಂದಿನಿಂದ ಗಿರಾಕಿಯಿಲ್ಲದಾಗ ಅವನು ಕಮಾನಿನ ಹಿಂದಿನ ದಾರಿ ಬಿಟ್ಟು, ಮಳಿಗೆ ಸಾಲಿನ ಕಡೆಯಿಂದ ಸುತ್ತು ಹಾಕಿ ಮನೆಗೆ ಹೋಗತೊಡಗಿದ. ತಾನೇ ಕಟ್ಟಿದ ದೆವ್ವಕ್ಕೆ ತಾನೇ ಹೆದರುವ ಗತಿ ಯಾರಿಗೆ ಹೇಳಿಕೊಳ್ಳಬೇಕು?

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಕೊಳಕೂರಿನಿಂದ ಒಬ್ಬ ಮುದುಕಿ ಮಗನನ್ನು ಕರೆದುಕೊಂಡು ಬಂದಳು. ಹೆಸರು ಗುರಮ್ಮ. ಮಗ ದೌಲತರಾಯ, ಐವತ್ತರ ಹತ್ತಿರದ ಎತ್ತರದ ಆಳು. ಘಾಟು ಬೇಡ, ಕಮಾನು ಬೇಡ, ನೆಟ್ಟಗೆ ಬಾವಡಿಗೆ ನಡೆಯಿರಿ ಎಂದಳು. ಮಡಿಲಲ್ಲಿ ಒಂದು ಗಂಟಿತ್ತು. ಕುಪ್ಪಸದ ಕಣ, ಅಕ್ಕಿ, ಉತ್ತುತ್ತಿ, ಅರಿಶಿನ ಬೇರು, ಒಂದು ಬಟ್ಟಲು ಕೊಬ್ಬರಿ. ತವರಿನಿಂದ ಹೊರಟ ಮಗಳಿಗೆ ತುಂಬುವ ಉಡಿ ಅದು.

ದಾರಿಯಲ್ಲಿ ದೌಲತರಾಯನೇ ಹೇಳಿದ. ಬೀಗರೊಬ್ಬರು ಹೋದ ವರ್ಷ ಈ ಟಾಂಗಾದಲ್ಲಿ ಕೂತು ಕತೆ ಕೇಳಿ ಬಂದಿದ್ದರು. ಹುಬ್ಬಿನ ಗಾಯ, ಹಸಿರು ಸೀರೆ, ಸೆರಗು ಕಚ್ಚುವುದು, ಎಲ್ಲವೂ ತನ್ನ ತಂಗಿ ಶಿವಕಾಂತಾಳದೇ. ಹದಿನೆಂಟು ವರ್ಷದಿಂದ ಅವಳನ್ನು ಹುಡುಕುತ್ತಿದ್ದೇನೆ, ಒಂದು ಜಾತ್ರೆ ಬಿಟ್ಟಿಲ್ಲ, ಒಂದು ಬಸ್‌ಸ್ಟ್ಯಾಂಡು ಬಿಟ್ಟಿಲ್ಲ ಎಂದ. ಯಾಕೆ ಹುಡುಕುತ್ತಿದ್ದಾನೆಂಬುದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ದನಿಯಲ್ಲೇ ಇತ್ತು.

"ಖರೇ ಹೇಳ್ರಿ ಸಾಬ್ರೇ, ಅಕಿ ಸತ್ತಾಳೇನು? ಸತ್ತಿದ್ರ ಇವತ್ತಿಗಿ ಬಿಡ್ತೇನಿ. ಇಲ್ಲಂದ್ರ ಸಾಯೂತನಕ ಬಿಡಾಂವಲ್ಲ."

ಲಾಡ್ಲೆಸಾಬ ಲಗಾಮು ಬಿಗಿಹಿಡಿದು ಲೆಕ್ಕ ಹಾಕಿದ. ಕತೆ ಸುಳ್ಳೆಂದರೆ, ಹುಬ್ಬಿನ ಗಾಯ ನಿನಗೆ ಹೇಗೆ ಗೊತ್ತು ಎಂಬುದೇ ಮುಂದಿನ ಪ್ರಶ್ನೆ. ಅಲ್ಲಿಂದ ಘಾಟು, ಘಾಟಿನಿಂದ ಆಚೆ ದಂಡೆ. ಖರೆಯೆಂದರೆ, ಹೆತ್ತವಳ ಉಡಿ ಖಾಲಿ ನೀರಿಗೆ ಬೀಳುತ್ತದೆ. ಕೆಳಗಿಳಿದು ಜಾಗ ತೋರಿಸುತ್ತೇನೆ ಎಂದಷ್ಟೇ ಹೇಳಿ ತಪ್ಪಿಸಿಕೊಂಡ.

ಬಾವಡಿಯ ಬಾಯಿಗೆ ಬಂದ ದೌಲತರಾಯ ಒಂದು ಮೆಟ್ಟಿಲೂ ಇಳಿಯಲಿಲ್ಲ. ಅಲ್ಲೇ ಗೋಡೆ ಹಿಡಿದು ನಿಂತ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಮುದುಕಿಯ ರಟ್ಟೆ ಹಿಡಿದು ಲಾಡ್ಲೆಸಾಬನೇ ಇಳಿಸಿದ. ಕೆಳಗೆ ಹೋದಂತೆ ಬಿಸಿಲು ಮೇಲೇ ಉಳಿಯಿತು. ನೀರು ಹಸಿರಾಗಿ, ಅಲುಗದೆ ಬಿದ್ದಿತ್ತು. ಗುರಮ್ಮ ಕೊನೆಯ ಮೆಟ್ಟಿಲಲ್ಲಿ ಕೂತು, ಗಂಟು ಬಿಚ್ಚುವ ಮೊದಲು ನೀರಿನಲ್ಲಿ ಕೈ ಅದ್ದಿ ನೋಡಿದಳು.

"ಭಾಳ ಥಂಡಿ ಅದಾವ ನೀರು. ಅಕಿಗಿ ಸಣ್ಣಕಿದ್ದಾಗಿನಿಂದ ಥಂಡಿ ತಡೀತಿದ್ದಿಲ್ರಿ" ಎಂದಳು.

ಲಾಡ್ಲೆಸಾಬನಿಗೆ ತಡೆಯಲಾಗಲಿಲ್ಲ. ಬಾವಡಿಯಲ್ಲಿ ಸಣ್ಣ ಮಾತೂ ಮೇಲಕ್ಕೆ ಹತ್ತುತ್ತದೆಂದು ಗೊತ್ತಿದ್ದ ಅವನು, ಅವಳ ಕಿವಿಯ ಹತ್ತಿರ ಬಾಗಿದ. ಹದಿನೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಪಿಸುಮಾತಿನಲ್ಲಿ ಹೇಳಿದ. ತಾನೇ ಟಾಂಗಾದಲ್ಲಿ ಕರೆತಂದದ್ದು, ದೋಣಿ ದಾಟಿದ್ದು. ಮೂರು ವರ್ಷದ ಹಿಂದೆ ಕುದುರೆ ಕೊಳ್ಳಲು ಖಜೂರಿ ದಾಟಿ ಹೋದಾಗ, ಗಡಿಯಾಚೆಯ ಊರಿನ ದವಾಖಾನೆಯ ಕಟ್ಟೆಯ ಮೇಲೆ ಅವಳನ್ನು ಕಂಡದ್ದು. ಗುರುತು ಹಿಡಿದು ಎದ್ದು ಕೈ ಮುಗಿದಿದ್ದಳು. ಪಕ್ಕದಲ್ಲಿ ಒಂದು ಕೂಸಿತ್ತು.

ಗುರಮ್ಮ ಅವನತ್ತ ತಿರುಗಲೂ ಇಲ್ಲ. ನೀರನ್ನೇ ನೋಡುತ್ತ, "ಹೆಣ್ಣೋ, ಗಂಡೋ?" ಎಂದು ಕೇಳಿದಳು.

"ಹೆಣ್ರೀ ಅವ್ವಾರ. ನಿಮ್ಮಂಗ ಗದ್ದ."

ಅವಳ ಮೈ ಒಮ್ಮೆ ಅಲುಗಿತು. ಅಳುತ್ತಾಳೆಂದು ಅವನು ಕೈ ಚಾಚಿದ. ಅವಳು ಅಳಲಿಲ್ಲ. ಮೇಲೆ, ಬೆಳಕಿನ ಚೌಕದಲ್ಲಿ ಕರ್ರಗೆ ನಿಂತಿದ್ದ ಮಗನನ್ನು ಒಮ್ಮೆ ನೋಡಿದಳು. ಆಮೇಲೆ ಲಾಡ್ಲೆಸಾಬನ ಮುಂಗೈ ಗಟ್ಟಿಯಾಗಿ ಹಿಡಿದಳು.

"ಹಂಗಾರ ಆ ಕತೀನ ಹೇಳ್ರಿ. ಜೋರಲೇ ಹೇಳ್ರಿ. ಮ್ಯಾಲಿನಂವಗ ಒಂದು ಅಕ್ಷರ ತಪ್ಪಬಾರದು."

ಅವನು ಹೇಳಿದ. ದಿನವೂ ಹೇಳುವ ಕತೆಯನ್ನೇ, ಮೇಲೆ ನಿಂತವನಿಗೆ ಕೇಳುವಂತೆ. ಹುಡುಗಿ ಹೇಗೆ ಬಂದಳು, ಯಾವ ಮೆಟ್ಟಿಲಲ್ಲಿ ನಿಂತಳು, ಹೇಗೆ ಹಾರಿದಳು. ಹೆಣ ಯಾಕೆ ಸಿಗಲಿಲ್ಲವೆಂಬುದಕ್ಕೆ, ಒಳಗೊಳಗೇ ಹೊಳೆಗೆ ಹೋಗುವ ಸುರಂಗವಿದೆಯೆಂದು ಹೊಸದಾಗಿ ಸೇರಿಸಿದ. ತಾನೇ ಕಣ್ಣಾರೆ ಕಂಡೆ ಎಂದ. ದನಿ ಗೋಡೆಗೆ ಬಡಿದು ಮೇಲಕ್ಕೆ ಹೋಯಿತು. ಗುರಮ್ಮ ಉಡಿಯನ್ನು ನೀರಿಗೆ ಬಿಟ್ಟು ಒಮ್ಮೆಲೇ ಬಾಯಿ ಬಿಟ್ಟು ಅತ್ತಳು. ಅದು ಮಗನಿಗೆ ಕೇಳಿಸಲೆಂದು ಅತ್ತದ್ದೋ, ಹದಿನೆಂಟು ವರ್ಷದ ಅಳುವೋ, ಅಥವಾ ಮಗಳು ಇದ್ದಾಳೆಂಬ ಸುದ್ದಿಗೆ ಅತ್ತದ್ದೋ, ಲಾಡ್ಲೆಸಾಬನಿಗೆ ಎಂದೂ ತಿಳಿಯಲಿಲ್ಲ.

ಇಬ್ಬರೂ ಮೇಲೆ ಬಂದಾಗ ದೌಲತರಾಯ ಕಟ್ಟೆಯ ಮೇಲೆ ಕುಕ್ಕರಿಸಿದ್ದ. ರುಮಾಲು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಅಷ್ಟು ದೊಡ್ಡ ಆಳು ಒಮ್ಮೆಗೇ ಮುದುಕನಾದಂತಿದ್ದ. ಕೆಳಗಿನ ಕತ್ತಲಿಗೆ ಕಿವಿ ಕೊಟ್ಟೇ ಕೇಳಿದ:

"ಅಕಿ ಏನರ ಅಂತಾಳೇನ್ರಿ ಸಾಬ್ರೇ?"

ಇಷ್ಟು ವರ್ಷ ಮಾತಿನ ಮೇಲೇ ಬದುಕಿದ ಲಾಡ್ಲೆಸಾಬ ಮುದುಕಿಯ ಕಡೆ ನೋಡಿದ. ಗುರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗನನ್ನು ನೆಟ್ಟ ದೃಷ್ಟಿಯಿಂದ ನೋಡಿದಳು.

"ಅಣ್ಣಾ ಅಂತ ಕರೀತಾಳಂತ" ಎಂದು ಹೇಳಿ, ಟಾಂಗಾ ಹತ್ತಿ ಕೂತಳು.