ಬಿಸಿಯಾರದ ಹಾಸಿಗೆ

ವಾರ್ಡನ್ ಮೇಡಂ ಕಾಜಾ ಅಕ್ಕನ ತಟ್ಟೆಯ ಅಂಚಿಗೂ ಲೋಟದ ತಳಕ್ಕೂ ಉಗುರಿಗೆ ಹಚ್ಚುವ ಕೆಂಪು ಬಣ್ಣ ಬಳಿದಳು. ಒಣಗುವವರೆಗೆ ಬಾಯಿಂದ ಊದಿದಳು. ಆಮೇಲೆ ಎರಡನ್ನೂ ಹೊರಗೆ ಒಯ್ದು, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕಟ್ಟೆಯ ಮೇಲೆ ಇಟ್ಟಳು.

"ಇನ್ನು ಮೇಲೆ ಇಲ್ಲೇ ತಿನ್ನು, ಇಲ್ಲೇ ತೊಳಿ, ಇಲ್ಲೇ ಬೋರಲು ಹಾಕು," ಎಂದಳು. "ಬೇಜಾರು ಮಾಡ್ಕೋಬೇಡ. ನಾನೇನೂ ಹೊಟ್ಟೆ ಮೇಲೆ ಹೊಡೀತಿಲ್ಲ."

ಊಟದ ಸಾಲಿನಲ್ಲಿ ನಿಂತಿದ್ದ ಹೆಂಗಸರು ತಂತಮ್ಮ ತಟ್ಟೆ ನೋಡಿಕೊಂಡರು. ಕತ್ತರಿ ಮಾತ್ರ ಬಾಯಿ ಬಿಟ್ಟಳು. ಬಟ್ಟೆ ಕತ್ತರಿಸುವ ಮೇಜಿನವಳು ಅವಳು. ಆ ಹೆಸರು ಕೆಲಸಕ್ಕೆಷ್ಟೋ ನಾಲಗೆಗೂ ಅಷ್ಟೇ ಒಪ್ಪುತ್ತಿತ್ತು. "ಬಣ್ಣ ಚೆನ್ನಾಗಿದೆ ಮೇಡಂ. ನಿಮ್ಮ ಉಗುರಿಗೆ ಒಂಚೂರಾದ್ರೂ ಉಳೀತಾ?"

ಒಂದಿಬ್ಬರು ಗೋಡೆಗೆ ತಿರುಗಿ ನಕ್ಕರು. ಕಾಜಾ ಅಕ್ಕ ನಗಲಿಲ್ಲ. ಹೊರಗೆ ಕೂತು ಉಂಡಳು. ಎಲ್ಲರಿಗೆ ಬಡಿಸಿದ್ದೇ ಅವಳ ತಟ್ಟೆಗೂ ಬಿದ್ದಿತ್ತು, ರುಚಿಯಲ್ಲಿ ಹೆಚ್ಚುಕಮ್ಮಿ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಸಿಟ್ಟು ತಂದಿತು.

ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ತೂರುವ ಕಂಡಿ, ಅಂದರೆ ಕಾಜಾ, ಹೊಲಿಯುವುದು ಅವಳ ಕೆಲಸ. ಪೆಡಲು ಒತ್ತಿದರೆ ಮಿಷಿನ್ನು ಸುತ್ತಲೂ ಹೊಲಿದು, ನಡುವೆ ಬ್ಲೇಡು ಬಿದ್ದು, ಕಂಡಿ ಬಾಯಿ ಬಿಡುತ್ತದೆ. ಬ್ಲೇಡಿಗೂ ಬೆರಳಿಗೂ ನಡುವೆ ಇರುವುದು ಒಂದು ಉಗುರಿನಷ್ಟು ಜಾಗ. ತುರಿಕೆ ಶುರುವಾಗಿದ್ದು ಆ ಬೆರಳುಗಳ ಸಂದಿಯಲ್ಲೇ. ಅಲ್ಲಿಂದ ಮಣಿಕಟ್ಟಿಗೆ, ಕಂಕುಳಿಗೆ, ಸೊಂಟದ ದಾರ ಕಟ್ಟುವ ಜಾಗಕ್ಕೆ, ಹೊಕ್ಕಳ ಸುತ್ತಿಗೆ. ಸೂಪರ್‌ವೈಸರ್ ಬೆನ್ನ ಹಿಂದೆ ಬಂದು ನಿಂತು, "ನನಗೆ ತಲೆ ತುರಿಸ್ಕೊಳ್ಳೋಕೂ ಪುರುಸೊತ್ತಿಲ್ಲ, ನೀನು ಮೈಯೆಲ್ಲಾ ತುರಿಸ್ಕೊಂಡು ಆರಾಮಾಗಿ ಕೂತಿದೀಯ," ಎಂದಿದ್ದ.

ಮೂರು ವಾರದ ಹಿಂದೆಯೇ ಅವಳು ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಹೋಗಿದ್ದಳು. ಕಜ್ಜಿ ಎಂದು ಹೇಳಿ ಮುಲಾಮು ಕೊಟ್ಟಿದ್ದರು. ಎಂಟು ದಿನ ಮೈ ಹಗುರಾಗಿತ್ತು. ಆಮೇಲೆ, ಚೀಲ ಮರೆತು ಹೋದ ನೆಂಟನ ಹಾಗೆ, ತುರಿಕೆ ತಿರುಗಿ ಬಂತು. ಈಗ ವಾರ್ಡನ್ ಕಣ್ಣಿಗೂ ಬಿದ್ದಾಗಿತ್ತು. ಶನಿವಾರದೊಳಗೆ ಮೈ ಶುದ್ಧವಾಗದಿದ್ದರೆ ಹಾಸ್ಟೆಲ್ ಖಾಲಿ ಮಾಡಬೇಕು. ಹಾಸ್ಟೆಲ್ ಇಲ್ಲದವರಿಗೆ ಕಾರ್ಖಾನೆಯ ಬಸ್ಸಿಲ್ಲ, ಬಸ್ಸಿಲ್ಲದವರಿಗೆ ಕೆಲಸವಿಲ್ಲ. ಅವಳ ದುಡಿಮೆಯ ಮೇಲೆ, ಅಮ್ಮನ ಮನೆಯಲ್ಲಿ, ಏಳು ವರ್ಷದ ಮಗಳು ಶಾಲೆಗೆ ಹೋಗುತ್ತಿದ್ದಳು.

ಮರುದಿನ ಅರ್ಧ ದಿನದ ರಜೆ ಹಾಕಿ ಅವಳು ಮತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು.

"ಮುಲಾಮು ಹೇಗೆ ಹಚ್ಚಿದೆ, ಹೇಳು," ಎಂದರು ಡಾಕ್ಟರಮ್ಮ. ಕನ್ನಡಕದ ಮೇಲಿಂದ ನೋಡುವ ದಪ್ಪನೆಯ ಹೆಂಗಸು.

"ನೀವು ಹೇಳಿದ ಹಾಗೇ ಡಾಕ್ಟ್ರೇ. ಕತ್ತಿನಿಂದ ಕಾಲ್ಬೆರಳ ಸಂದಿವರೆಗೆ. ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ತೊಳೆದೆ. ವಾರ ಬಿಟ್ಟು ಇನ್ನೊಂದು ಸಲ. ಬಟ್ಟೆ, ಹೊದಿಕೆ ಎಲ್ಲಾ ಕುದಿಯೋ ನೀರಿಗೆ ಹಾಕಿ ಬಿಸಿಲಲ್ಲಿ ಒಣಗಿಸಿದೆ."

"ಹುಳ ಸತ್ತ ಮೇಲೂ ಮೂರ್ನಾಲ್ಕು ವಾರ ತುರಿಕೆ ಇರುತ್ತೆ. ಬರೀ ಅದೇನಾ, ನೋಡೋಣ ತಾಳು."

ಡಾಕ್ಟರಮ್ಮ ಅವಳ ಬೆರಳ ಸಂದಿಗೆ ಒಂದು ತೊಟ್ಟು ಮಸಿ ಬಿಟ್ಟು, ಸ್ವಲ್ಪ ಹೊತ್ತು ಕಾದು, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದರು. ಮೇಲಿನ ಮಸಿಯೆಲ್ಲ ಹೋಯಿತು. ಚರ್ಮದೊಳಗೆ ದಾರದ ಎಳೆಯಷ್ಟು ಸಣ್ಣ, ಸೊಟ್ಟನೆಯ ಗೆರೆಯೊಂದು ಉಳಿಯಿತು.

"ಒಳಹೊಲಿಗೆ ಹಾಕಿದ ಹಾಗಿದೆ," ಎಂದಳು ಕಾಜಾ ಅಕ್ಕ.

"ಸರಿಯಾಗಿ ಹೇಳಿದೆ. ಹೆಣ್ಣು ಹುಳದ ಕೆಲಸ ಇದು. ಚರ್ಮದೊಳಗೆ ಸುರಂಗ ಕೊರೀತಾ, ದಿನಾ ಎರಡು ಮೂರು ಮೊಟ್ಟೆ ಇಡ್ತಾ ಹೋಗ್ತಾಳೆ."

"ಅವಳಿಗೂ ಎಣಿಕೆ ಮೇಲೆ ಕೂಲಿನಾ?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಗೆರೆಯ ತುದಿಯನ್ನು ಬ್ಲೇಡಿನಿಂದ ಹಗುರಾಗಿ ಕೆರೆದು, ಗಾಜಿನ ಚೂರಿಗೆ ಹಚ್ಚಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಅವಳಿಗೂ ನೋಡಲು ಹೇಳಿದರು. ಕಾಜಾ ಅಕ್ಕ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊಟಕು ಕಾಲಿನ, ದುಂಡನೆಯ, ಕಲಕಿದ ನೀರಿನ ಬಣ್ಣದ ಒಂದು ಪ್ರಾಣಿ. ಕಾಲು ಇನ್ನೂ ಆಡುತ್ತಿದ್ದವು.

"ಇಷ್ಟಕ್ಕಾ ನನ್ನ ತಟ್ಟೆಗೆ ಬಣ್ಣ ಬಳಿದಿದ್ದು," ಎಂದಳು, ಕಣ್ಣು ಎತ್ತದೆ.

"ಯಾವ ಬಣ್ಣ?"

ಹೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಒಂದೇ ತಟ್ಟೇಲಿ ಉಂಡರೂ ಇದು ಬರಲ್ಲ ಕಣಮ್ಮ. ಮೈಗೆ ಮೈ ತಾಗಬೇಕು, ಇಲ್ಲಾ ಒಂದೇ ಹಾಸಿಗೆಯ ಬಿಸಿ ಬೇಕು. ಓದೋ ಕಾಲದಲ್ಲಿ ನಮ್ಮ ವಾರ್ಡಿನ ಡಾಕ್ಟರುಗಳಿಗೆಲ್ಲ ಬಂದಿತ್ತು. ಇಡೀ ಸಾಲು ತುರಿಸ್ಕೊಂಡು ಓಡಾಡಿದ್ವಿ. ನಮ್ಮ ತಟ್ಟೆಗೆ ಯಾರೂ ಬಣ್ಣ ಬಳೀಲಿಲ್ಲ." ಪೆನ್ನು ಕೈಗೆತ್ತಿಕೊಂಡರು. "ಈಗ ಕೇಳು. ಇದು ಹಳೇ ಹುಳ ಅಲ್ಲ, ಯಾರಿಂದಲೋ ಹೊಸದಾಗಿ ಬಂದಿದೆ. ನಿನ್ನ ಹಾಸಿಗೆಯಲ್ಲಿ ಇನ್ಯಾರು ಮಲಗ್ತಾರೆ?"

"ಹೋದ ಸಲಾನೇ ಹೇಳಿದ್ನಲ್ಲ ಡಾಕ್ಟ್ರೇ. ಒಬ್ಬಳೇ. ನಾಲ್ಕು ವರ್ಷದಿಂದ ಒಬ್ಬಳೇ. ಬೇಕಾದ್ರೆ ಹಾಸ್ಟೆಲ್ಲಲ್ಲಿ ಕೇಳಿ. ಬಸ್ಸಿಳಿದು ಸೀದಾ ಹೋಗಿ ಬಿದ್ಕೊಂಡ್ರೆ ಸಾಕು, ಅಲ್ಲಿಂದ ಶುರು. ದಿಂಬು ಬೇರೆ ಬಿಸಿ ಇರುತ್ತಾ, ಮೈಗೆ ಬೆಂಕಿ ಬಿದ್ದಂಗಾಗುತ್ತೆ."

ಪೆನ್ನು ನಿಂತಿತು. "ನೀನು ಮಲಗೋಕೆ ಮುಂಚೆ ದಿಂಬು ಯಾಕೆ ಬಿಸಿ ಇರುತ್ತೆ?"

"ಅದು ರಾತ್ರಿಪಾಳಿಯವಳದು."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಹಾಸ್ಟೆಲ್ಲಿನಲ್ಲಿ ಇಪ್ಪತ್ತೊಂದು ಮಂಚ, ನಲವತ್ತೆರಡು ಹೆಂಗಸರು. ಬೆಳಗಿನ ಬಸ್ಸು ರಾತ್ರಿಪಾಳಿಯವರನ್ನು ಇಳಿಸಿ ಹಗಲಿನವರನ್ನು ಹತ್ತಿಸಿಕೊಳ್ಳುತ್ತದೆ. ಸಂಜೆ ಹಗಲಿನವರನ್ನು ಇಳಿಸಿ ರಾತ್ರಿಯವರನ್ನು. ಹಾಸಿಗೆಗೆ ಆರುವಷ್ಟು ಹೊತ್ತೇ ಸಿಗುವುದಿಲ್ಲ. ಒಂದೇ ಹಾಸಿಗೆ, ಒಂದೇ ದಿಂಬು, ಒಂದೇ ಹೊದಿಕೆ. ಆದರೂ ಜೊತೆಗೆ ಯಾರು ಮಲಗುತ್ತಾರೆ ಎಂದು ಕೇಳಿದಾಗ, ತಾನು ಮಲಗಿದ ಹೊತ್ತಿನಲ್ಲಿ ಇಲ್ಲದವಳು ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ಡಾಕ್ಟರಮ್ಮ ಹಾಸ್ಟೆಲ್ಲಿನ ಹೆಸರಿಗೆ ಒಂದು ಕಾಗದ ಬರೆದು ಮೊಹರು ಒತ್ತಿದರು. ಎರಡೂ ಪಾಳಿಯ ಎಲ್ಲರಿಗೂ ಒಂದೇ ದಿನ ಔಷಧ, ವಾರ ಬಿಟ್ಟು ಇನ್ನೊಮ್ಮೆ, ಹಾಸಿಗೆಗಳೆಲ್ಲ ಬಿಸಿಲಿಗೆ. "ಉಳಿದವರು ಬಂದು ಇಲ್ಲೇ ತಗೊಂಡು ಹೋಗಲಿ. ಸದ್ಯಕ್ಕೆ ಈ ಎರಡು ಟ್ಯೂಬು ನಿಮ್ಮಿಬ್ಬರಿಗೆ. ಇಬ್ಬರೂ ಒಂದೇ ಹೊತ್ತಿಗೆ ಹಚ್ಚಿ, ಹತ್ತು ಗಂಟೆ ಮೈಮೇಲೆ ಇರಲಿ, ಬೆವರಿಗೆ ಹೋಗಬಾರದು. ಯಾರು ಯಾರಿಗೆ ಕೊಟ್ಟರು ಅಂತ ಹುಡುಕೋಕೆ ಹೋಗ್ಬೇಡ. ಸಿಗಲ್ಲ. ಸಿಕ್ಕರೂ ಅದರಿಂದ ಹುಳ ಸಾಯಲ್ಲ."

ದಾರಿಯುದ್ದಕ್ಕೂ ಕಾಜಾ ಅಕ್ಕ ಹುಡುಕಿದಳು. ಮಂಚದ ಇನ್ನೊಬ್ಬಳು ಇಸ್ತ್ರಿ ವಿಭಾಗದವಳು. ಬಸ್ಸಿನ ಬಾಗಿಲಲ್ಲಿ ಭುಜಕ್ಕೆ ಭುಜ ತಾಗುವಷ್ಟೇ ಪರಿಚಯ. ಉಳಿದಂತೆ ಅವಳೆಂದರೆ ದಿಂಬಿನ ಮೇಲಿನ ಒಂದು ಉದ್ದ ಕೂದಲು, ಹೊದಿಕೆಯಲ್ಲಿ ಹಬೆಯಾಡಿದ ಬಟ್ಟೆಯ ವಾಸನೆ. ಒಮ್ಮೆ ಕಾಜಾ ಅಕ್ಕನಿಗೆ ಕೆಮ್ಮು ಹತ್ತಿದಾಗ ದಿಂಬಿನ ಕೆಳಗೆ ಎರಡು ಪೆಪ್ಪರಮಿಂಟು ಸಿಕ್ಕಿದ್ದವು. ಬದಲಿಗೆ ಇವಳು ಒಂದು ಪಿನ್ನು ಇಟ್ಟಿದ್ದಳು. ಇಷ್ಟೇ ಮಾತುಕತೆ. ಪೆಪ್ಪರಮಿಂಟು ಕೊಟ್ಟವಳೇ ಕಜ್ಜಿಯನ್ನೂ ಕೊಟ್ಟಳಲ್ಲ, ಕೊಟ್ಟು ಸುಮ್ಮನಿದ್ದಳಲ್ಲ ಎಂದು ಅವಳು ಹಲ್ಲು ಕಚ್ಚಿದಳು.

ಮಧ್ಯಾಹ್ನದ ಹಾಸ್ಟೆಲ್ಲನ್ನು ಅವಳು ನೋಡಿದ್ದೇ ಕಡಿಮೆ. ಕಿಟಕಿಗಳಿಗೆ ಹಳೆಯ ಚಾದರ ಕಟ್ಟಿ ಕತ್ತಲು ಮಾಡಿದ್ದರು. ಸಾಲಾಗಿ ಹೆಂಗಸರು ಮಲಗಿದ್ದರು. ತನ್ನ ಮಂಚದ ಮೇಲೆ ಇಸ್ತ್ರಿಯವಳು ಮಗ್ಗುಲಾಗಿ, ಮೊಣಕಾಲು ಮಡಚಿಕೊಂಡು ಮಲಗಿದ್ದಳು. ತಾನೂ ಮಲಗುವುದು ಹಾಗೆಯೇ ಎಂದು ಕಾಜಾ ಅಕ್ಕನಿಗೆ ಹೊಳೆಯಿತು. ಹಾಸಿಗೆ ತಗ್ಗಾಗಿದ್ದುದೇ ಆ ಆಕಾರಕ್ಕೆ. ನಿದ್ದೆಯಲ್ಲೇ ಇಸ್ತ್ರಿಯವಳ ಒಂದು ಕೈ ಇನ್ನೊಂದನ್ನು ಪರಪರ ಕೆರೆಯುತ್ತಿತ್ತು. ಅಂಗಿಯ ತೋಳು ಮೇಲೆ ಸರಿದು ಮಣಿಕಟ್ಟು ಕಾಣಿಸಿತು. ಅಲ್ಲಿ ಒಂದರ ಕೆಳಗೊಂದು ನಾಲ್ಕು ಕಂದು ಗೆರೆಗಳು, ಅಳತೆ ಹಿಡಿದು ಎಳೆದ ಹಾಗೆ ನೆಟ್ಟಗೆ.

ಬೈಯಲು ತಂದ ಮಾತು ಅಲ್ಲೇ ನಿಂತಿತು. ಭುಜ ಅಲ್ಲಾಡಿಸಿ ಎಬ್ಬಿಸಿದಳು. "ಇದೇನೇ ಇದು?"

ಇಸ್ತ್ರಿಯವಳು ದಡಬಡಿಸಿ ಎದ್ದು ತೋಳು ಇಳಿಸಿಕೊಂಡಳು. "ಇಸ್ತ್ರಿಪೆಟ್ಟಿಗೆ ಅಂಚು ಅಕ್ಕ. ಸುಮ್ನೆ ಒಂಚೂರು ತಾಗಿಸ್ಕೋತೀನಿ. ಉರಿ ಇದ್ರೆ ತುರಿಕೆ ಗೊತ್ತಾಗಲ್ಲ."

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು. ಹೇಳಿದ್ರೆ ಮಂಚ ಹೋಗುತ್ತೆ ಅಂತ..." ತಲೆ ತಗ್ಗಿಸಿದಳು. "ಇವತ್ತು ಹೇಳೋಣ ಅಂತಾನೇ ಇದ್ದೆ. ಬೆಳಗ್ಗೆ ಬಂದಾಗ ಕಟ್ಟೆ ಮೇಲೆ ನಿಮ್ಮ ತಟ್ಟೆ ನೋಡಿದೆ. ನೋಡಿದ ಮೇಲೆ ಬಾಯಿ ಬರ್ಲಿಲ್ಲ ಅಕ್ಕ."

ಕಾಜಾ ಅಕ್ಕ ಮಂಚದ ಅಂಚಿಗೆ ಕೂತು ಟ್ಯೂಬಿನ ಮುಚ್ಚಳ ತಿರುವಿದಳು. "ಸರಿ, ಆಚೆ ಸರಿ ಸ್ವಲ್ಪ. ನಾಲ್ಕು ವರ್ಷದ ಮೇಲೆ ಇವತ್ತು ಜೊತೇಲಿ ಕೂರೋ ಯೋಗ ಬಂದಿದೆ."

ಇಬ್ಬರೂ ಮಂಚಕ್ಕೆ ಚಾದರ ಇಳಿಬಿಟ್ಟುಕೊಂಡು ಹಚ್ಚಿಕೊಂಡರು. ಬೆರಳ ಸಂದಿಗೆ, ಉಗುರಿನ ಕೆಳಕ್ಕೆ, ಮೊಣಕೈ ಮಡಿಕೆಗೆ, ಎದೆಯ ಕೆಳಗೆ. ಬೆನ್ನು ಯಾರಿಗೂ ತಮ್ಮದು ತಮಗೆ ಎಟುಕುವುದಿಲ್ಲ. ಇಸ್ತ್ರಿಯವಳು ಇವಳ ಬೆನ್ನಿಗೆ ಹಚ್ಚಿ ಮುಗಿಸಿದಳು. ಈಗ ಹಚ್ಚುವ ಸರದಿ ಕಾಜಾ ಅಕ್ಕನದು. ಪಕ್ಕದ ಮಂಚದಿಂದ ನಿದ್ದೆಗಣ್ಣಿನ ದನಿಯೊಂದು ಕೇಳಿತು, "ಅಕ್ಕಾ, ಅದು ನನ್ನ ಸೊಂಟಕ್ಕೂ ಆಗುತ್ತಾ?"

ಆಗ ವಾರ್ಡನ್ ಬಂದಳು. ಚಾದರ ಸರಿಸಿ ನೋಡಿದಳು. ಕಾಜಾ ಅಕ್ಕ ಮುಲಾಮಿನ ಕೈಯನ್ನು ಒಂದು ಬದಿಗಿಟ್ಟು ಇನ್ನೊಂದರಿಂದ ಡಾಕ್ಟರಮ್ಮನ ಕಾಗದ ಚಾಚಿದಳು. ವಾರ್ಡನ್ ಓದಿದಳು. ಓದುತ್ತ ಓದುತ್ತ ಅವಳ ಬೆರಳು ತನ್ನ ಕತ್ತಿನ ಹಿಂದೆ ಹೋಗಿ ಕೆರೆಯಿತು. ಗೊತ್ತಾದ ಕೂಡಲೇ ಕೆಳಗಿಳಿಯಿತು.

"ಎರಡೂ ಪಾಳಿ ಒಂದೇ ದಿನ ಹಚ್ಕೊಂಡು ಮಲಗಿದ್ರೆ ಮಿಷಿನ್ ಯಾರು ಓಡಿಸ್ತಾರೆ, ನಿಮ್ಮ ಡಾಕ್ಟರಾ? ಈ ಕಾಗದ ಮೇಲೆ ಹೋದ್ರೆ ಮೊದಲು ನನ್ನ ಕೆಲಸ ಹೋಗುತ್ತೆ." ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇಸ್ತ್ರಿಯವಳನ್ನು ನೋಡಿದಳು. ಕಾಜಾ ಅಕ್ಕನತ್ತ ತಿರುಗಿ ದನಿ ಇಳಿಸಿದಳು. "ಓ, ಇವಳಿಂದ ಬಂದಿದ್ದಾ ಇದು. ಮೊದಲೇ ಹೇಳಬಾರದಾ ನೀನು? ಪಾಪ, ಸುಮ್ನೆ ನಿನ್ನನ್ನ ಹೊರಗೆ ಕೂರಿಸಿದೆ." ಅಂಗಿಯ ಜೇಬಿನಿಂದ ಸಣ್ಣ ಸೀಸೆ ತೆಗೆದಳು, ಅದೇ ಕೆಂಪು. "ಹೋಗು, ಕಪಾಟಿನಿಂದ ಇವಳ ತಟ್ಟೆ ತಗೊಂಡು ಬಾ. ಬಣ್ಣ ತೆಗೆಯೋ ಎಣ್ಣೆ ನನ್ನ ಕೋಣೇಲಿದೆ, ನಿನ್ನದನ್ನ ಒರೆಸಿ ಕೊಡ್ತೀನಿ. ಸಂಜೆ ಒಳಗೇ ಕೂತು ಎಲ್ಲರ ಜೊತೆ ಉಣ್ಣು."

ಇಸ್ತ್ರಿಯವಳ ಬೆನ್ನು ಕಾಜಾ ಅಕ್ಕನ ಅಂಗೈ ಕೆಳಗೆ ಗಟ್ಟಿಯಾಯಿತು. ಸುತ್ತಲಿನ ಮಂಚಗಳಲ್ಲಿ ಎದ್ದು ಕೂತವರು ಕಾಣುತ್ತಿದ್ದರು. ದೂರದಲ್ಲಿ ಕಾರ್ಖಾನೆಯ ಎರಡು ಗಂಟೆಯ ಸೈರನ್ ಕೂಗಿತು. ಅರ್ಧ ದಿನದ ರಜೆ ಮುಗಿದಿತ್ತು.

"ಕೇಳಿಸ್ತಾ? ತಟ್ಟೆ ತಾ ಅಂದೆ."

"ತರಲ್ಲ ಮೇಡಂ," ಎಂದಳು ಕಾಜಾ ಅಕ್ಕ.

ಟ್ಯೂಬನ್ನು ಕೆಳಗಿನಿಂದ ಒತ್ತಿ, ಒಂದು ಬಟಾಣಿಯಷ್ಟು ಬೆರಳಿಗೆ ತೆಗೆದುಕೊಂಡಳು. "ಕೈ ಎತ್ತೇ," ಎಂದು ಇಸ್ತ್ರಿಯವಳಿಗೆ ಹೇಳಿ, ಅವಳ ಕಂಕುಳಿಂದ ಶುರುಮಾಡಿ, ಸುಟ್ಟ ನಾಲ್ಕು ಗೆರೆಗಳಿಗೆ ತಾಗದ ಹಾಗೆ, ಮೆಲ್ಲಗೆ ಕೆಳಗೆ ಉಜ್ಜುತ್ತ ಬಂದಳು.